ಮೋಡದ ಹಿಂದಿನ ಚಂದ್ರ

ಜುಲೈ 12, 2025, ಶನಿವಾರ
ಮಾಟುಂಗಾ, ಮುಂಬೈ

ಮೊನ್ನೆ ಗುರುಪೂರ್ಣಿಮೆ. ಚಂದ್ರ ಮಾತ್ರ ಕಾಣಲೇ ಇಲ್ಲ, ಬರೀ ಮೋಡ. ಇವತ್ತು ಮಧ್ಯಾಹ್ನ ಅಕ್ಕನ ಮಗನ ಜೊತೆ ದಾದರ್ ಚೌಪಾಟಿಗೆ ಹೋದೆ. ಉಬ್ಬರದ ಹೊತ್ತು, ಇಲ್ಲಿಯವರು ಭರತಿ ಅಂತಾರೆ. ಅಲೆ ಕಟ್ಟೆಗೆ ಬಡಿದು ನಮ್ಮ ಚಪ್ಪಲಿಯೆಲ್ಲ ಒದ್ದೆ.

ಹುಡುಗ ಬಿ.ಎಸ್ಸಿ. ಎರಡನೇ ವರ್ಷ. ಸುಮ್ನೆ ನಿಂತಿದ್ದವನು ಕೇಳಿದ: "ಮಾಮ, ನೋಡೋವರೆಗೂ ಯಾವುದೂ ಇರೋದೇ ಇಲ್ಲ ಅಂತ ಕ್ವಾಂಟಂನಲ್ಲಿ ಸಾಬೀತಾಗಿದೆ ಅಲ್ವಾ?" ಕ್ವಾಂಟಂ ಅಂದರೆ ಎಲೆಕ್ಟ್ರಾನ್‌ನಂಥ ಸಣ್ಣ ಕಣಗಳ ಭೌತಶಾಸ್ತ್ರ.

ಐನ್‌ಸ್ಟೈನ್ ಒಮ್ಮೆ ನಡೆದು ಹೋಗುವಾಗ ಥಟ್ಟನೆ ನಿಂತು, ನಾನು ನೋಡಿದಾಗ ಮಾತ್ರ ಚಂದ್ರ ಇರುತ್ತಾನೆ ಅಂತ ನಿಜವಾಗಿ ನಂಬುತ್ತೀರಾ ಎಂದು ಜೊತೆಗಿದ್ದ ಭೌತವಿಜ್ಞಾನಿ ಅಬ್ರಹಾಂ ಪೈಸ್ ಅವರನ್ನು ಕೇಳಿದ್ದರು. ನಾನು ಸಮುದ್ರ ತೋರಿಸಿದೆ. ಸೂರ್ಯನ ಪಾಲೂ ಇದೆ, ಆದರೆ ಈ ನೀರನ್ನು ಜಾಸ್ತಿ ಎಳೆದದ್ದು ನಮ್ಮ ಕಣ್ಣಿಗೆ ಬೀಳದ ಆ ಚಂದ್ರನೇ.

"ಚಂದ್ರ ಸರಿ ಮಾಮ. ಎಲೆಕ್ಟ್ರಾನ್?"

ಒಳ್ಳೆಯ ಪ್ರಶ್ನೆ. ಉಡುಪಿ ಹೋಟೆಲಿಗೆ ಬಂದು ಕಾಫಿ ಹೇಳಿದೆವು. ಬಟ್ಟಲನ್ನು ಮೇಜಿನ ಈ ತುದಿಗೆ, ಲೋಟವನ್ನು ಆ ತುದಿಗೆ ಇಟ್ಟೆ. ಇವು ಜೋಡಿ ಕಣಗಳು. ಅಳೆದಾಗ ಕೊಡಬೇಕಾದ ಉತ್ತರದ ಚೀಟಿಯನ್ನು ಹೊರಡುವಾಗಲೇ ಎರಡೂ ಬರೆದುಕೊಂಡಿವೆ, ಆಮೇಲೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲ ಅಂತ ಇಟ್ಟುಕೊಳ್ಳೋಣ. ಹಾಗಿದ್ದರೆ ಅವುಗಳ ಉತ್ತರ ಹೊಂದುವುದಕ್ಕೆ ಒಂದು ಮಿತಿ ಇದೆ ಎಂದು ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ತೋರಿಸಿದರು. 1969ರಲ್ಲಿ ಬಂದ ರೂಪದಲ್ಲಿ, ಹೊಂದಿಕೆಯನ್ನು ಅಳೆಯುವ ಅಂಕೆಗೆ ಆ ಮಿತಿ 2. ಕ್ವಾಂಟಂ ಲೆಕ್ಕದಲ್ಲಿ ಸುಮಾರು 2.83ರವರೆಗೆ ಹೋಗಬಹುದು. 2015ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ 1.3 ಕಿ.ಮೀ. ದೂರದ ಎರಡು ವಜ್ರಗಳಲ್ಲಿನ ಎಲೆಕ್ಟ್ರಾನ್‌ಗಳ ಮೇಲೆ ಅಳೆದಾಗ ಬಂದದ್ದು 2.42, ಅಂದರೆ ಮಿತಿಗಿಂತ ಜಾಸ್ತಿ.

ಬಿದ್ದುಹೋದದ್ದೇನು? ಚೀಟಿಯೂ ಇದೆ, ಸುದ್ದಿಯೂ ಮುಟ್ಟದು ಎನ್ನುವ ಜೋಡಿ ಮಾತು. ಜಗತ್ತು ಇಲ್ಲ ಅಂತ ಎಲ್ಲಿ ಬಂತು? ಭೌತವಿಜ್ಞಾನಿ ಡೇವಿಡ್ ಬೋಮ್ 1952ರಲ್ಲೇ ಒಂದು ದಾರಿ ತೋರಿಸಿದ್ದರು. ಅದರಲ್ಲಿ ಎಲೆಕ್ಟ್ರಾನ್ ಯಾರು ನೋಡಲಿ, ಬಿಡಲಿ, ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಲೆಕ್ಕವೂ ಕ್ವಾಂಟಂ ಲೆಕ್ಕಕ್ಕೆ ಸರಿಹೊಂದುತ್ತದೆ. ಆದರೆ ಇಲ್ಲಿ ಆದದ್ದು ದೂರದಲ್ಲಿ ಆ ಕ್ಷಣವೇ ತಟ್ಟುತ್ತದೆ ಎಂದು ಒಪ್ಪಬೇಕು. ಬೆಳಕಿಗಿಂತ ಬೇಗ ಯಾವ ಸುದ್ದಿಯೂ ಹೋಗದು ಎನ್ನುವ ಐನ್‌ಸ್ಟೈನರ ಸಾಪೇಕ್ಷತೆಯ ಜೊತೆ ಅದು ಸಲೀಸಾಗಿ ಕೂರುವುದಿಲ್ಲ, ಅದು ನಿಜವಾದ ತೊಡಕು. ಆದರೂ ನನಗೆ ಒಪ್ಪಿಗೆ. 'ನೋಡುವುದು' ಅಂದರೆ ಏನು ಅಂತ ಬಿಡಿಸಿ ಹೇಳದೆ ಅದರ ಮೇಲೆ ಜಗತ್ತನ್ನೇ ನಿಲ್ಲಿಸುವುದು ನನ್ನಿಂದ ಆಗದು. ಕಣ್ಣುಳ್ಳ ಒಂದು ಜೀವಿಯೂ ಇಲ್ಲದ ಕಾಲದಲ್ಲೂ ಸಮುದ್ರ ಉಕ್ಕುತ್ತಿತ್ತಲ್ಲ!

ಹುಡುಗ ಬಹಳ ಹೊತ್ತು ಲೋಟ ನೋಡುತ್ತಾ ಕೂತ. ಆಮೇಲೆ ಬಿಲ್ಲಿನ ಹಿಂದೆ 2.42 ಅಂತ ಬರೆದುಕೊಂಡು ಜೇಬಿಗೆ ಹಾಕಿಕೊಂಡ. ನಾಳೆ ಬೋಮ್ ಸಮೀಕರಣ ತೋರಿಸಬೇಕಂತೆ.