ಮಾಡ್ಯುಲರ್ ಎಂಜಿನ್ ಮಾಡೆಲ್: ಕೊನೆಗೂ ಹಲ್ಲು ಕೂತಿತು

ನಿನ್ನೆ ರಾತ್ರಿ ಹತ್ತೂವರೆಗೆ, ನಾನು ಮಾಡ್ತಿರೋ ಪುಟ್ಟ ಎಂಜಿನ್ ಮಾಡೆಲ್ಲಿನ ಕ್ರ್ಯಾಂಕ್ (ಪಿಸ್ಟನ್ನಿನ ಹಿಂದೆ ಮುಂದೆ ಓಡಾಟವನ್ನು ಸುತ್ತಾಟಕ್ಕೆ ಬದಲಿಸೋ ದಂಡ) ತಿರುಗಿತು. ಎಲ್ಲೂ ಹಿಡಿಯಲಿಲ್ಲ, ಟಕ್ ಅನ್ನಲಿಲ್ಲ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡಿನಲ್ಲಿ ನಾನು, ಮೇಸ್ತ್ರಿ ಇಬ್ಬರೇ ಇದ್ದೆವು. ಎರಡೂವರೆ ತಿಂಗಳು ಕಾಡಿದ ಭಾಗ ಇದು. ಸಿಲಿಂಡರ್, ಪಿಸ್ಟನ್, ಕನೆಕ್ಟಿಂಗ್ ರಾಡ್ ಯಾವಾಗಲೋ ಮುಗಿದು ಡಬ್ಬಿ ಸೇರಿವೆ. ಅದೆಲ್ಲ ನಿಮಗೆ ಗೊತ್ತಿರೋ ಕೆಲಸವೇ.

ಈ ಹುಚ್ಚು ಹಿಡಿಸಿದ್ದು ಒಂದು ಲೆಕ್ಕ. ಮಾರುತಿ 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ಹಳೇ ವ್ಯಾಗನ್ ಆರ್ 1061 ಸಿಸಿ, ನಾಲ್ಕು ಸಿಲಿಂಡರ್. ಒಂದನ್ನು ಮೂರರಿಂದ, ಇನ್ನೊಂದನ್ನು ನಾಲ್ಕರಿಂದ ಭಾಗಿಸಿ ನೋಡಿ. ಎರಡಕ್ಕೂ 265 ಚಿಲ್ಲರೆ ಬರುತ್ತೆ. ಎರಡರಲ್ಲೂ ಬೋರ್, ಅಂದರೆ ಸಿಲಿಂಡರಿನ ಒಳ ವ್ಯಾಸ 68.5 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ 72 ಮಿ.ಮೀ. ಇದನ್ನೇ ಮೂರರಲ್ಲೊಂದು ಅಳತೆಗೆ ಇಳಿಸಿ, ಒತ್ತಡದ ಗಾಳಿಯಿಂದ ಓಡುವ ಮಾಡೆಲ್ ಮಾಡಬೇಕು. ಬೇಕಾದಾಗ ಮೂರು ಸಿಲಿಂಡರ್, ಬೇಕಾದಾಗ ನಾಲ್ಕು. ಬೋರ್ 22.8, ಸ್ಟ್ರೋಕ್ 24, ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ್ದರ ನಡುವಿಗೆ 30 ಮಿ.ಮೀ.

ಮಾಡ್ಯುಲರ್ ಎಂಜಿನ್ ಅಂದ ತಕ್ಷಣ ಬ್ಲಾಕನ್ನೇ ತುಂಡು ತುಂಡಾಗಿ ಬಿಚ್ಚಿ ಜೋಡಿಸಬಹುದು ಅಂದ್ಕೋತಾರೆ. ಕಾರ್ ಎಂಜಿನ್ನಿನಲ್ಲಿ ಹಾಗಲ್ಲ, ಬ್ಲಾಕ್ ಒಂದೇ ಎರಕ. ಮಾಡ್ಯುಲರ್ ಆಗಿರೋದು ಜಾಸ್ತಿ ಕಾರ್ಖಾನೆಯೊಳಗೆ. ಬೋರ್ ಮತ್ತು ಸಿಲಿಂಡರುಗಳ ನಡುವಿನ ಅಂತರ ಬದಲಾಗದಿದ್ದರೆ ಬೋರ್ ಹೊಡೆಯುವ ಮೆಷಿನ್ನು, ಟೂಲು, ಪಿಸ್ಟನ್ ರಿಂಗು ಎಲ್ಲ ಹಾಗೇ ಇರುತ್ತವೆ. ಫೋರ್ಡ್ ತನ್ನ ವಿ8 ಸಾಲಿಗೆ ‘ಮಾಡ್ಯುಲರ್’ ಅಂತ ಹೆಸರಿಟ್ಟಿದ್ದೂ ಕಾರ್ಖಾನೆಯ ಟೂಲಿಂಗ್ ನೋಡಿಯೇ. 1991ರ ಮಾಡೆಲ್ ಕಾರಿನಲ್ಲಿ 4.6 ಲೀಟರಿನದು ಬಂತು, ಆಮೇಲೆ 5.4 ಮತ್ತು ಹತ್ತು ಸಿಲಿಂಡರಿನ 6.8. ಮೂರಕ್ಕೂ ಬೋರ್ 90.2 ಮಿ.ಮೀ.

ಈ ಹಂಚಿಕೆಗೆ ಒಗ್ಗದೆ ಹಟ ಹಿಡಿಯೋದು ಕ್ರ್ಯಾಂಕ್. ಮೂರು ಸಿಲಿಂಡರಿಗೆ ಪಿನ್‌ಗಳು (ಕನೆಕ್ಟಿಂಗ್ ರಾಡ್ ಕೂರುವ ಜಾಗಗಳು) 120 ಡಿಗ್ರಿಗೆ ನಿಲ್ಲಬೇಕು, ನಾಲ್ಕಕ್ಕೆ 180ಕ್ಕೆ. ನಿಜವಾದ ಎಂಜಿನ್ನಿಗೆ ಬೇರೆ ಬೇರೆ ಕ್ರ್ಯಾಂಕ್ ಮಾಡಿಬಿಡ್ತಾರೆ. ನನಗೆ ಕ್ರ್ಯಾಂಕೂ ಬಿಚ್ಚಿ ಜೋಡಿಸುವಂತಿರಬೇಕು.

ಮೊದಲು ಷಟ್ಕೋನದ ಜೋಡಣೆ ಮಾಡಿದೆ. ಆರು ಮುಖ, ಒಂದೊಂದಕ್ಕೂ 60 ಡಿಗ್ರಿ, ಹಾಗಾಗಿ 120ಕ್ಕೂ 180ಕ್ಕೂ ಸರಿ. ಆದರೆ ಒಂದೊಂದು ಜಾಯಿಂಟಿನಲ್ಲೂ ಅರ್ಧ ಡಿಗ್ರಿ ಪ್ಲೇ, ಅಂದರೆ ಸಡಿಲ. ನಾಲ್ಕು ತುಂಡಿಗೆ ಮೂರು ಜಾಯಿಂಟು, ಆ ತುದಿಗೆ ಹೋಗುವಷ್ಟರಲ್ಲಿ ಒಂದೂವರೆ ಡಿಗ್ರಿ. ಕೈಯಲ್ಲಿ ತಿರುಗಿಸಿದರೆ ಟಕ್ ಟಕ್ ಅಂತಿತ್ತು.

ಆಮೇಲೆ ಹಿರ್ತ್ ಜಾಯಿಂಟಿಗೆ ಬಂದೆ. ಎರಡು ಮುಖದಲ್ಲೂ ನಡುವಿಂದ ಹೊರಕ್ಕೆ ವಿ ಆಕಾರದ ಹಲ್ಲುಗಳು. ಒಂದರೊಳಗೊಂದು ಕೂರಿಸಿ ನಡುವೆ ಬೋಲ್ಟ್ ಬಿಗಿದರೆ ತಾನೇ ಸೆಂಟರ್ ಆಗುತ್ತೆ, ಪ್ಲೇ ಇರಲ್ಲ. 20 ಹಲ್ಲು ಹಾಕಿದೆ. ಕಾರಣ ಡಿವೈಡಿಂಗ್ ಹೆಡ್, ಅಂದರೆ ತುಂಡನ್ನು ಹಿಡಿದು ಲೆಕ್ಕಕ್ಕೆ ಸರಿಯಾಗಿ ತಿರುಗಿಸೋ ಸಾಧನ. ಹ್ಯಾಂಡಲ್ 40 ಸುತ್ತಿಗೆ ತುಂಡು ಒಂದು ಸುತ್ತು ತಿರುಗುವ ಹೆಡ್ಡಿನಲ್ಲಿ 20 ಹಲ್ಲಿಗೆ ಹ್ಯಾಂಡಲ್ ಸರಿಯಾಗಿ ಎರಡು ಸುತ್ತು, ಸುತ್ತಿನ ಭಾಗ ಎಣಿಸೋ ತೂತಿನ ಪ್ಲೇಟೇ ಬೇಡ. ನಾಲ್ಕು ಸಿಲಿಂಡರಿಗೆ ಹತ್ತು ಹಲ್ಲು ತಿರುಗಿಸಿದರೆ 180, ಚೆನ್ನಾಗಿ ಹೊಂದಿತು. ಮೂರು ಸಿಲಿಂಡರಿಗೆ? 120 ಡಿಗ್ರಿ ಅಂದರೆ ಆರು ಹಲ್ಲು, ಮೇಲೆ ಮೂರರಲ್ಲಿ ಎರಡು ಭಾಗ. ಎಂಟು ತುಂಡು ಗುಜರಿಗೆ ಹೋಯ್ತು. ಹಲ್ಲಿನ ಲೆಕ್ಕ ಆರರಿಂದ ಭಾಗ ಆಗಲೇಬೇಕು. ಈಗ 24. ಎಂಟು ಹಲ್ಲಿಗೆ 120, ಹನ್ನೆರಡಕ್ಕೆ 180. ಹ್ಯಾಂಡಲ್ ಒಂದು ಸುತ್ತು, ಜೊತೆಗೆ ಪ್ಲೇಟಿನ 18 ತೂತಿನ ಸಾಲಿನಲ್ಲಿ 12 ತೂತು.

ಅಷ್ಟರಲ್ಲಿ ಹಲ್ಲಿನ ವಿ ಕೊರೆಯೋ ಕಟರ್ ಮೊಂಡಾಗಿತ್ತು. 60 ಡಿಗ್ರಿಯದು ಆರ್ಡರ್ ಮಾಡಿದೆ. ಡಬ್ಬಿ ಮೇಲೆ 60 ಅಂತಲೇ ಬರೆದಿತ್ತು. 60 ಡಿಗ್ರಿ ಕೋನ ನೋಡುವ ಸೆಂಟರ್ ಗೇಜ್ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದರೆ ಪಕ್ಕದಲ್ಲಿ ಬೆಳಕು ಸೋರ್ತಾ ಇತ್ತು. ಒಳಗಿದ್ದದ್ದು 45ರದ್ದು! ವಾಪಸ್ ಕಳಿಸಿ, ಮತ್ತೆ ತರಿಸೋಕೆ ಮೂರು ವಾರ. ಆಯುಧಪೂಜೆಗೆ ಓಡಿಸಬೇಕು ಅಂತಿದ್ದೆ. ಆವತ್ತು ಬಿಡಿ ಭಾಗಗಳನ್ನೇ ಮಿಲ್ಲಿಂಗ್ ಮೆಷಿನ್ ಮುಂದೆ ಇಟ್ಟು ಕುಂಕುಮ ಹಚ್ಚಿದೆವು.

ಸರಿಯಾದ ಕಟರ್ ಬಂದ ಮೇಲೂ ಹಲ್ಲು ಕೂರಲಿಲ್ಲ. ಬೋಲ್ಟ್ ಬಿಗಿದರೂ ಅಲುಗಾಟ. ಎಲ್ಲಿ ತಾಗುತ್ತೆ ಅಂತ ತೋರಿಸೋ ನೀಲಿ ಬಣ್ಣ, ಮಾರ್ಕಿಂಗ್ ಬ್ಲೂ, ಸವರಿ ಒತ್ತಿ ತೆಗೆದೆ. ನೀಲಿ ಅಳಿಸಿದ್ದು ಹೊರ ಅಂಚಿನಲ್ಲಿ ಮಾತ್ರ, ಬೆರಳಿನ ಉಗುರಿನಷ್ಟು ತೆಳು ಗೆರೆ. ಒಳಗಡೆ ಬಣ್ಣ ಹಚ್ಚಿದ ಹಾಗೇ ಇತ್ತು. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಸುಮ್ನೆ ನೋಡಿದರು.

“ಎಲ್ಲಾ ಕಡೆ ಒಂದೇ ಆಳ ಹೊಡ್ದಿದೀವಲ್ಲ ಸಾರ್. ಸಿಹಿಗುಂಬಳದ ಗೀರು ನೋಡಿ, ತೊಟ್ಟಿನ ಹತ್ರ ಬರ್ತಾ ಬರ್ತಾ ಸಣ್ಣ ಆಗಲ್ವಾ?”

ಅದೇ ವಿಷಯ. ನಡುವಿಗೆ ಹೋದಂತೆ ಜಾಗ ಕಮ್ಮಿ, ಹಲ್ಲಿನ ಆಳವೂ ಕಮ್ಮಿ ಆಗಬೇಕು. ಅದಕ್ಕೆ ಹೆಡ್ಡನ್ನು ಓರೆ ಮಾಡಬೇಕು. 24 ಹಲ್ಲು, 60 ಡಿಗ್ರಿ ಕಟರ್‌ಗೆ ಲೆಕ್ಕ ಹಾಕಿದರೆ ಓರೆ ಆರೂವರೆ ಡಿಗ್ರಿ. ಅಂದರೆ ಹೆಡ್ 90ರ ಬದಲು 83.5ಕ್ಕೆ. ಹಾಗೆ ಹೊಡೆದ ಮೊದಲ ಜೋಡಿಗೆ ಮತ್ತೆ ಬ್ಲೂ ಹಚ್ಚಿದೆ. ಹಲ್ಲಿನ ಉದ್ದಕ್ಕೂ ನೀಲಿ ಅಳಿಸಿತ್ತು. ಬಿಗಿದಾಗ ಎರಡು ತುಂಡಿನ ನಡುವೆ ಉಗುರು ಆಡಿಸಿದರೂ ಗೆರೆ ಸಿಗಲಿಲ್ಲ. ಆ ಖುಷಿ ನಿಮಗೆ ಅರ್ಥ ಆಗುತ್ತೆ ಅಂತ ಗೊತ್ತು.

ಒಂದು ಲಾಭವೂ ಆಯ್ತು. ಕ್ರ್ಯಾಂಕ್ ಬಿಚ್ಚುವಂತಿರೋದರಿಂದ ಒಂದೇ ತುಂಡಿನ ಕ್ರ್ಯಾಂಕಿಗೆ ಹಾಕೋ ಎರಡು ಹೋಳಿನ ಬೇರಿಂಗ್ ಬೇಡ. ಮಾಮೂಲಿ 6003 ನಂಬರಿನ ಬಾಲ್ ಬೇರಿಂಗನ್ನೇ ಪಕ್ಕದಿಂದ ತೂರಿಸಿದ್ದೇನೆ.

ಈಗ ತಲೆಯಲ್ಲಿ ಕೂತಿರೋದು ಐದು ಸಿಲಿಂಡರ್. ವೋಲ್ವೊ ಒಂದೇ ಸಾಲಿನಲ್ಲಿ 4, 5, 6 ಸಿಲಿಂಡರ್ ಮಾಡಿತ್ತಲ್ಲ, ಹಾಗೆ. ಐದಕ್ಕೆ 72 ಡಿಗ್ರಿ ಬೇಕು, 24 ಹಲ್ಲಿನಲ್ಲಿ ಬರಲ್ಲ. 30 ಹಲ್ಲಾದರೆ ಮೂರು, ನಾಲ್ಕು, ಐದು, ಆರು ಎಲ್ಲಕ್ಕೂ ಆಗುತ್ತೆ. ಓರೆ 5.2 ಡಿಗ್ರಿ. ಜಾಯಿಂಟಿನ 17 ಮಿ.ಮೀ. ವ್ಯಾಸದಲ್ಲಿ ಹೊರ ಅಂಚಿಗೆ ಒಂದು ಹಲ್ಲಿಗೆ 1.8 ಮಿ.ಮೀ. ಸಿಗುತ್ತೆ, ಸಾಕು.

ಅದಕ್ಕೆ ಮೊದಲು ಇದರ ವಾಲ್ವ್ ಟೈಮಿಂಗ್, ಅಂದರೆ ವಾಲ್ವ್ ಯಾವಾಗ ತೆರೆದು ಮುಚ್ಚಬೇಕು ಅನ್ನೋ ಹೊಂದಾಣಿಕೆ, ಮುಗಿಸಬೇಕು. ಮೂರಕ್ಕೂ ನಾಲ್ಕಕ್ಕೂ ವಾಲ್ವ್ ತೆರೆಯೋ ಕ್ಯಾಮ್ ದಂಡ ಬೇರೆ. ಕ್ಯಾಮಿಗೂ ಇದೇ ಹಲ್ಲು ಹಾಕೋಣ ಅಂತ ಮೇಸ್ತ್ರಿ ಆಗಲೇ ರಾಡ್ ಕಟ್ ಮಾಡಿ ಇಟ್ಟಿದ್ದಾರೆ. ಭಾನುವಾರ ಬೆಳಿಗ್ಗೆ ಕೂರ್ತೀವಿ.