ಬುಟ್ಟಿಯ ಭಾರ: ಎಂಟು ತಿಂಗಳ ಸ್ಕೆಚಿಂಗ್ ಲಾಗ್

ಜನವರಿ 31. ಶುರು ಮಾಡಿದ್ದು ಜೂನ್ ಒಂದಕ್ಕೆ, ಇವತ್ತಿಗೆ ಎಂಟು ತಿಂಗಳು ಆಯ್ತು. ಆರನೇ ಸ್ಕೆಚ್‌ಬುಕ್ ಅರ್ಧ ಮುಗಿದಿದೆ, ಹಾಗಾಗಿ ಒಮ್ಮೆ ಕೂತು ಎಂತ ಆಯ್ತು ಎಂತ ಆಗ್ಲಿಲ್ಲ ಅಂತ ಎಲ್ಲ ಬರೆದಿಡುವಾ ಅಂತ ಅನ್ನಿಸ್ತು.

ನಂಗೆ ಬೇಕಿದ್ದದ್ದು ಒಂದೇ. ನಾನೇ ಹುಟ್ಟಿಸಿದ ಒಂದು ಕ್ಯಾರೆಕ್ಟರ್, ಅದನ್ನು ಎದುರಿಂದ ಬಿಡಿಸಿದ್ರೂ ಬೆನ್ನಿಂದ ಬಿಡಿಸಿದ್ರೂ, ಬಗ್ಗಿದಾಗ್ಲೂ ಓಡುವಾಗ್ಲೂ ಅದೇ ಮನುಷ್ಯ ಅಂತ ಗೊತ್ತಾಗ್ಬೇಕು. ಎಂಟು ಪುಟದ ಒಂದು ಸಣ್ಣ ಕಾಮಿಕ್ ತಲೆಯಲ್ಲಿ ಉಂಟು, ಮೀನು ಮಾರುವ ಒಬ್ರು ಅಕ್ಕ ಬೆಳಿಗ್ಗೆ ಮಲ್ಪೆ ಬಂದರಿನಿಂದ ಹೊರಟು ಮಧ್ಯಾಹ್ನ ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗುವವರೆಗಿನ ಕಥೆ. ಕಥೆ ರೆಡಿ ಇತ್ತು, ಕೈ ರೆಡಿ ಇರ್ಲಿಲ್ಲ. ಅಲ್ಲಿವರೆಗೆ ನಾನು ಬಿಡಿಸಿದ್ದು ಎಲ್ಲ ಮುಖಗಳೇ, ಕುತ್ತಿಗೆಯಿಂದ ಕೆಳಗೆ ಹೋದ್ರೆ ಪೆನ್ಸಿಲ್ ನಿಂತು ಬಿಡ್ತಿತ್ತು.

ನಂದು ದಿನಾ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವ ಕೆಲಸ, ಒಂದು ಕಡೆಗೆ ಸುಮಾರು 60 ಕಿಲೋಮೀಟರ್, ಟ್ರಾಫಿಕ್ ಇದ್ರೆ ಒಂದೂವರೆ ಗಂಟೆ ಮೇಲೆ. ಆ ಹೊತ್ತನ್ನೇ ಪ್ರಾಕ್ಟೀಸಿಗೆ ಇಟ್ಟದ್ದು. ಜೇಬಿಗೆ ಹೋಗುವ ಎ6 ಪುಸ್ತಕ, ಹತ್ತು ರೂಪಾಯಿಯ ಬಾಲ್ ಪೆನ್, ರಬ್ಬರ್ ಇಲ್ಲ. ಬಾಲ್ ಪೆನ್ ಯಾಕೆ ಅಂದ್ರೆ ಜೂನಲ್ಲಿ ಮೊದಲ ವಾರ ಜೆಲ್ ಪೆನ್ನಲ್ಲಿ ಮಾಡಿ ನೋಡಿದೆ, ನಮ್ಮ ಊರಿನ ಮಳೆಗಾಲದಲ್ಲಿ ಕಾಗದ ಗಾಳಿಯ ನೀರನ್ನೇ ಕುಡಿದು ಮೆತ್ತಗೆ ಆಗಿರ್ತದೆ, ಗೆರೆ ಎಳೆದ ಕೂಡ್ಲೇ ಇಂಕ್ ಹರಡಿ ಕೂದಲು ಕೂದಲು ಬಿಟ್ಟ ಹಾಗೆ ಆಗ್ತದೆ. ಬಾಲ್ ಪೆನ್ನಿನ ಇಂಕ್ ಎಣ್ಣೆ ಪಸೆಯದ್ದು, ಅದು ಹರಡುದಿಲ್ಲ. ಪುಸ್ತಕವನ್ನು ಜಿಪ್ ಕವರಲ್ಲಿ ಹಾಕಿ ಒಳಗೆ ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಇಟ್ಟೆ, ಇಲ್ಲದಿದ್ರೆ ಬೂಷ್ಟು ಬರ್ತದೆ, ಹಳೇ ಎರಡು ಪುಸ್ತಕ ಹಾಗೇ ಹೋಗಿದೆ.

ಬಸ್ಸಲ್ಲಿ ನಿದ್ದೆ ಮಾಡುವವರಷ್ಟು ಒಳ್ಳೆ ಮಾಡೆಲ್ ಇಲ್ಲ. ಕಾಪು ದಾಟುವಷ್ಟರಲ್ಲಿ ಅರ್ಧ ಬಸ್ ಮಲಗಿರ್ತದೆ, ಕುತ್ತಿಗೆ ಒಂದು ಕಡೆ, ಬಾಯಿ ತೆರೆದು, ಕೈ ಬ್ಯಾಗ್ ಮೇಲೆ. ಒಬ್ಬರಿಗೆ ಎರಡು ನಿಮಿಷ ಅಂತ ಲೆಕ್ಕ. ಮುಖದ ಗುರುತು ಸಿಗುವ ಹಾಗೆ ಬಿಡಿಸುದಿಲ್ಲ, ಅದು ನಾನು ನಂಗೇ ಹಾಕಿಕೊಂಡ ನಿಯಮ, ನಿದ್ದೆಯಲ್ಲಿ ಇರುವವರನ್ನು ಕೇಳ್ಲಿಕ್ಕೆ ಆಗುದಿಲ್ಲ ಅಲ್ವಾ. ಜೂನ್ ಇಡೀ ಹೀಗೆ ಹೋಯ್ತು, ಪುಟ ತುಂಬಿತು, ಆದ್ರೆ ಎಲ್ಲ ಚಿತ್ರವೂ ಸೀಟಿಗೆ ಅಂಟಿಸಿದ ಬಟ್ಟೆ ಹಾಗೆ ಕಾಣ್ತಿತ್ತು, ಯಾಕೆ ಅಂತ ಆಗ ಗೊತ್ತಾಗ್ಲಿಲ್ಲ.

ಜುಲೈಯಲ್ಲಿ ನೂರು ತಲೆ ಚಾಲೆಂಜ್ ಮಾಡಿದೆ, ದಿನಕ್ಕೆ ಹತ್ತು, ಹತ್ತು ದಿನ. ಇದರ ಬಗ್ಗೆ ಜಾಸ್ತಿ ಹೇಳ್ಲಿಕ್ಕೆ ಇಲ್ಲ. ಚಿತ್ರ ಕಲಿಸುವ ಪುಸ್ತಕ ಬರೆದ ಆಂಡ್ರ್ಯೂ ಲೂಮಿಸ್ ತೋರಿಸಿದ ಹಾಗೆ ಒಂದು ಚೆಂಡು ಬಿಡಿಸಿ ಎರಡು ಬದಿ ಕತ್ತರಿಸಿ ಕೆಳಗೆ ದವಡೆ ಸೇರಿಸುವುದು, ಅದು ಕೈಗೆ ಕೂತಿತು. ಕಣ್ಣು ತಲೆಯ ಸರಿ ಅರ್ಧದಲ್ಲಿ ಬರ್ತದೆ ಅಂತ ಓದಿ ಗೊತ್ತಿದ್ರೂ ನಾನು ಯಾವಾಗ್ಲೂ ಮೇಲೆಯೇ ಇಡ್ತಿದ್ದೆ, ಐವತ್ತನೇ ತಲೆ ಹೊತ್ತಿಗೆ ಆ ತಪ್ಪು ನಿಂತಿತು. ಆದ್ರೆ ತಲೆ ಚಂದ ಆದಷ್ಟು ಕೆಳಗಿನ ದೇಹ ಇನ್ನೂ ಪೊಳ್ಳಾಗಿ ಕಾಣ್ಲಿಕ್ಕೆ ಶುರುವಾಯ್ತು.

ನಿಜವಾಗಿ ಎಲ್ಲ ಬದಲಾದದ್ದು ಆಗಸ್ಟಲ್ಲಿ.

ನಮ್ಮ ಮನೆಗೆ ವರ್ಷಗಳಿಂದ ಮೀನು ತರುವ ಅಕ್ಕ ಒಬ್ರು ಇದ್ದಾರೆ, ನನ್ನ ಕ್ಯಾರೆಕ್ಟರ್ ಅವರಿಂದಲೇ ಹುಟ್ಟಿದ್ದು. ಪ್ರತಿ ತಿಂಗಳು ಒಂದನೇ ತಾರೀಕಿಗೆ ಅವ್ರು ನಡೆದು ಬರುವುದನ್ನು ನೆನಪಿನಿಂದ ಒಂದು ಪುಟ ಬಿಡಿಸ್ಬೇಕು, ಹಳೇ ಪುಟ ನೋಡ್ಬಾರ್ದು ಅಂತ ನನ್ನ ಪ್ಲ್ಯಾನ್ ಇತ್ತು, ಪ್ರೋಗ್ರೆಸ್ ಅಳೆಯುವುದಕ್ಕೆ. ಜೂನ್ ಜುಲೈ ಎರಡು ತಿಂಗಳು ನಮ್ಮಲ್ಲಿ ಯಾಂತ್ರೀಕೃತ ಬೋಟ್‌ಗಳು ಕಡಲಿಗೆ ಹೋಗುದಿಲ್ಲ, ಮೀನು ಮರಿ ಮಾಡುವ ಹೊತ್ತು ಅಂತ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗ ಅಕ್ಕ ಹೆಚ್ಚಾಗಿ ಒಣ ಮೀನೇ ತರುವುದು. ಬುಟ್ಟಿ ಹಗುರ. ಒಂದು ಕೈ ಬೀಸಿಕೊಂಡು ಬರ್ತಾರೆ, ಪಕ್ಕದ ಮನೆಯವರು ಕರೆದ್ರೆ ಕುತ್ತಿಗೆ ತಿರುಗಿಸಿ ಮಾತಾಡ್ತಾರೆ. ಆಗಸ್ಟ್ ನಡುವಲ್ಲಿ ಒಂದು ದಿನ ಗೇಟ್ ಹತ್ರ ಬಂದ್ರು, ಬುಟ್ಟಿ ತುಂಬ ಬಂಗುಡೆ, ಮೇಲೆ ಐಸು. ಅಮ್ಮ ಒಳಗಿನಿಂದ ಕರೆದ್ರು. ಅಕ್ಕ ಕುತ್ತಿಗೆ ತಿರುಗಿಸ್ಲಿಲ್ಲ. ಮೊದಲು ಕಣ್ಣು ಮಾತ್ರ ಈಚೆ ಬಂತು, ಮತ್ತೆ ಪಾದ ತಿರುಗಿತು, ಮತ್ತೆ ಇಡೀ ಮೈ ಒಂದು ಕಂಬ ತಿರುಗಿದ ಹಾಗೆ ತಿರುಗಿತು. ಹೆಜ್ಜೆ ಸಣ್ಣ ಆಗಿತ್ತು, ಭುಜದಿಂದ ಮೇಲೆ ಎಂತದೂ ಅಲ್ಲಾಡ್ತಿರ್ಲಿಲ್ಲ, ಅಲ್ಲಾಟ ಎಲ್ಲ ಸೊಂಟದಲ್ಲಿ. ನಾನು ಜಗಲಿಯಲ್ಲಿ ಚಾ ಗ್ಲಾಸ್ ಹಿಡ್ಕೊಂಡು ಹಾಗೇ ನಿಂತಿದ್ದೆ. ಅದೇ ಅಕ್ಕ, ಅದೇ ಸೀರೆ, ಅದೇ ಬುಟ್ಟಿ, ಒಳಗಿನ ತೂಕ ಬದಲಾದ್ದಕ್ಕೆ ನಡಿಗೆಯೇ ಬೇರೆ ಆಗಿತ್ತು.

ಆವತ್ತು ಬಸ್ಸಲ್ಲಿ ಹಳೇ ಪುಟ ಎಲ್ಲ ತಿರುಗಿಸಿ ನೋಡಿದೆ. ನನ್ನ ಯಾವ ಚಿತ್ರಕ್ಕೂ ತೂಕ ಇರ್ಲಿಲ್ಲ. ಮಲಗಿದವರ ಭಾರ ಸೀಟಿಗೆ ಇಳಿದಿರ್ಲಿಲ್ಲ, ನಿಂತವರ ಭಾರ ಯಾವ ಕಾಲಲ್ಲಿ ಉಂಟು ಅಂತ ನಾನು ಕೇಳಿಯೇ ಇರ್ಲಿಲ್ಲ.

ಹಾಗಾಗಿ ಅಲ್ಲಿಂದ ಮುಖ ಬಿಟ್ಟೆ. ಒಬ್ಬ ಮನುಷ್ಯ ಸಿಕ್ಕಿದ್ರೆ ಮೊದಲು ಕುತ್ತಿಗೆಯ ಬುಡದ ಗುಳಿಯಿಂದ ನೆಲಕ್ಕೆ ಒಂದು ನೇರ ಗೆರೆ, ಗಾರೆ ಕೆಲಸದವರು ತೂಕದ ಗುಂಡು ಬಿಡ್ತಾರಲ್ವಾ ಹಾಗೆ. ಒಂದೇ ಕಾಲಲ್ಲಿ ಭಾರ ಹಾಕಿ ನಿಂತಿದ್ರೆ ಆ ಗೆರೆ ಆ ಪಾದದ ಹತ್ರವೇ ಇಳಿತದೆ. ಭಾರ ಇರುವ ಕಾಲಿನ ಬದಿ ಸೊಂಟ ಮೇಲೆ ಹೋಗ್ತದೆ, ಅದೇ ಬದಿಯ ಭುಜ ಕೆಳಗೆ ಬರ್ತದೆ. ಇಷ್ಟು ಮೂರು ಗೆರೆ ಸರಿ ಬಂದ್ರೆ ಮತ್ತೆ ಉಳಿದದ್ದು ಕಣ್ಣಿಗೆ ತಾನೇ ಸಿಗ್ತದೆ. ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಕಾಯುವವರನ್ನು ನೋಡಿ, ಯಾರೂ ಎರಡು ಕಾಲಲ್ಲಿ ಸಮ ನಿಲ್ಲುದಿಲ್ಲ, ಹತ್ತು ನಿಮಿಷದಲ್ಲಿ ನಾಲ್ಕು ಸಲ ಕಾಲು ಬದಲಿಸ್ತಾರೆ, ಒಬ್ಬರನ್ನೇ ನಾಲ್ಕು ಸಲ ಬಿಡಿಸ್ಲಿಕ್ಕೆ ಸಿಕ್ತದೆ.

ಕೃಷ್ಣ ಜನ್ಮಾಷ್ಟಮಿಯ ಮಾರನೇ ದಿನ ಬರುವ ವಿಟ್ಲಪಿಂಡಿಗೆ ಉಡುಪಿಯ ರಥಬೀದಿ ಹತ್ರ ಹುಲಿವೇಷದವರನ್ನು ಬಿಡಿಸ್ಲಿಕ್ಕೆ ಹೋದೆ. ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವಾಗ ಬಿಡಿಸುದು ನನ್ನ ಕೈಯಲ್ಲಿ ಆಗ್ಲಿಲ್ಲ, ಜನರ ನೂಕಾಟ ಬೇರೆ. ಆದ್ರೆ ಅದರ ಹಿಂದಿನ ರಾತ್ರಿ ಬಣ್ಣ ಹಾಕುವಲ್ಲಿ ಕೇಳಿಕೊಂಡು ಕೂತಿದ್ದೆ, ಅದು ಬಂಗಾರದಂಥ ಅವಕಾಶ. ಬಣ್ಣ ಒಣಗುವವರೆಗೆ ಕೈ ಮೈಗೆ ತಾಗ್ಬಾರ್ದು ಅಂತ ಕೋಲಿಗೆ ಕೈ ಇಟ್ಟು ಗಂಟೆಗಟ್ಟಲೆ ನಿಲ್ತಾರೆ, ಸುಸ್ತಾದ ಹಾಗೆ ಭಾರ ಆ ಕೋಲಿಗೆ ಹೋಗ್ತಾ ಹೋಗ್ತದೆ, ಮೊಣಕಾಲು ಸಡಿಲ ಆಗ್ತದೆ. ಮೈಮೇಲೆ ಹಳದಿ ಕಪ್ಪು ಪಟ್ಟೆ ಇರುದ್ರಿಂದ ಹೊಟ್ಟೆ ಎಲ್ಲಿ ಉಬ್ಬುತ್ತದೆ ಸೊಂಟ ಎಲ್ಲಿ ಮಡಚ್ತದೆ ಅಂತ ಪಟ್ಟೆಯೇ ತೋರಿಸ್ತದೆ. ಅನಾಟಮಿ ಪುಸ್ತಕದಲ್ಲಿ ಅಡ್ಡ ಗೆರೆ ಹಾಕಿ ತೋರಿಸುವುದನ್ನು ಇಲ್ಲಿ ಮನುಷ್ಯನ ಮೈಮೇಲೇ ಹಾಕಿ ಇಟ್ಟಿದ್ದಾರೆ. ಹದಿನಾಲ್ಕು ಪುಟ ಒಂದೇ ರಾತ್ರಿ.

ಅಕ್ಟೋಬರಿಗೆ ಇಂಕ್ಟೋಬರ್. ಜೇಕ್ ಪಾರ್ಕರ್ ಅನ್ನುವ ಆರ್ಟಿಸ್ಟ್ 2009ರಲ್ಲಿ ತನ್ನ ಇಂಕಿಂಗ್ ಸುಧಾರಿಸ್ಲಿಕ್ಕೆ ಅಂತ ಶುರು ಮಾಡಿದ್ದು, 31 ದಿನ 31 ಚಿತ್ರ. ಹಿಂದೆ ಎರಡು ವರ್ಷ ಪ್ರಯತ್ನ ಮಾಡಿ ಒಂಬತ್ತನೇ ದಿನಕ್ಕೆ ಒಮ್ಮೆ, ಹದಿಮೂರನೇ ದಿನಕ್ಕೆ ಒಮ್ಮೆ ಬಿಟ್ಟಿದ್ದೆ. ಅವರ ಲಿಸ್ಟಲ್ಲಿ ದಿನಾ ಹೊಸ ಶಬ್ದ, ಅದಕ್ಕೆ ದಿನಾ ಹೊಸ ಐಡಿಯಾ ಹುಡುಕುದ್ರಲ್ಲೇ ರಾತ್ರಿ ಹನ್ನೊಂದು ಆಗ್ತಿತ್ತು, ಚಿತ್ರ ಮಾಡ್ಲಿಕ್ಕೆ ಹೊತ್ತೇ ಇಲ್ಲ. ಈ ಸಲ ಲಿಸ್ಟ್ ನಾನೇ ಮಾಡಿದೆ: 31 ದಿನ, ಒಬ್ಬಳೇ ಕ್ಯಾರೆಕ್ಟರ್, 31 ಭಾರ. ಎಡ ಕೈಯಲ್ಲಿ ಬಾವಿಯಿಂದ ಎತ್ತಿದ ಕೊಡಪಾನ, ಆಗ ಬಲ ಕೈ ರೆಕ್ಕೆ ಹಾಗೆ ಹೊರಗೆ ಹೋಗ್ತದೆ, ಬೆನ್ನು ಬಲಕ್ಕೆ ವಾಲ್ತದೆ. ಸೊಂಟದಲ್ಲಿ ಮಗು. ಭುಜದಲ್ಲಿ ಗ್ಯಾಸ್ ಸಿಲಿಂಡರ್. ತೆಂಗಿನಕಾಯಿ ಗೋಣಿ. ಗಾಳಿಗೆ ಎದುರು ಹಿಡಿದ ಕೊಡೆ, ಇದ್ರಲ್ಲಿ ತೂಕ ಇಲ್ಲ, ಆದ್ರೆ ತಳ್ಳುವ ಬಲ ಉಂಟು, ದೇಹ ಮುಂದಕ್ಕೆ ಬಾಗಿ ಗೆರೆ ಪಾದದಿಂದ ಹೊರಗೆ ಬೀಳ್ತದೆ, ಗಾಳಿ ನಿಂತ್ರೆ ಮುಗ್ಗರಿಸ್ಬೇಕು ಅನ್ನುವ ಹಾಗೆ. ಇಪ್ಪತ್ತಮೂರನೇ ದಿನ ಮಾತ್ರ ಆ ಕ್ಯಾರೆಕ್ಟರ್ ಬಿಟ್ಟು, ದೇವಸ್ಥಾನದ ಬಲಿ ಉತ್ಸವದಲ್ಲಿ ಭಟ್ರು ತಲೆ ಮೇಲೆ ಉತ್ಸವಮೂರ್ತಿ ಹೊತ್ತು ಕುಣಿಯುವುದನ್ನು ನೆನಪಿಂದ ಬಿಡಿಸಿದೆ. ಚೆಂಡೆಯ ತಾಳಕ್ಕೆ ಪಾದ ಓಡ್ತದೆ, ದೇವರು ಅಲ್ಲಾಡುದಿಲ್ಲ. ಬುಟ್ಟಿ ಹೊತ್ತ ಅಕ್ಕನ ಬೆನ್ನೂ ಆ ಭಟ್ರ ಬೆನ್ನೂ ಪೇಪರ್ ಮೇಲೆ ಒಂದೇ ಗೆರೆ ಆಗಿ ಬಂತು. ನಂಗೆ ಇಡೀ ಚಾಲೆಂಜಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಆ ಪುಟ.

31 ಪೂರ್ತಿ ಆಯ್ತು. ಎರಡು ದಿನ ರಾತ್ರಿ ಕರೆಂಟ್ ಇರ್ಲಿಲ್ಲ, ಮಾರನೇ ದಿನ ಎರಡೆರಡು ಮಾಡಿದೆ, ಅದನ್ನು ಬಿಟ್ರೆ ದಿನ ತಪ್ಪಿಸ್ಲಿಲ್ಲ.

ನವೆಂಬರ್ ಒಂದಕ್ಕೆ ಅಕ್ಕನಿಗೇ ಪುಸ್ತಕ ತೋರಿಸಿದೆ. ಅಲ್ಲಿವರೆಗೆ ಕೇಳಿ ಬಿಡಿಸ್ತಿದ್ದದ್ದು ಹೌದು, ಆದ್ರೆ ತೋರಿಸ್ಲಿಕ್ಕೆ ಧೈರ್ಯ ಬಂದಿರ್ಲಿಲ್ಲ. ಬುಟ್ಟಿ ಕೆಳಗಿಟ್ಟು ಸೆರಗಲ್ಲಿ ಕೈ ಒರೆಸಿ ಒಂದೊಂದೇ ಪುಟ ತಿರುಗಿಸಿದ್ರು. ನಗ್ತಿದ್ರು. ಮತ್ತೆ ಒಂದು ಪುಟದಲ್ಲಿ ನಿಂತು ತುಳುವಿನಲ್ಲಿ ಕೇಳಿದ್ರು, ಸಿಂಬಿ ಎಲ್ಲಿ ಮಗಾ, ಸಿಂಬಿ ಇಲ್ಲದೆ ಬುಟ್ಟಿ ತಲೆಯಲ್ಲಿ ಕೂರುದು ಹೇಗೆ ಅಂತ. ಬಟ್ಟೆ ಸುತ್ತಿ ತಲೆ ಮೇಲೆ ಇಡುವ ಆ ಬಳೆ, ಐದು ತಿಂಗಳು ನೋಡಿಯೂ ನಾನು ಒಮ್ಮೆಯೂ ಬಿಡಿಸಿರ್ಲಿಲ್ಲ. ಅವರದ್ದನ್ನು ಬಿಚ್ಚಿ ಮತ್ತೆ ಸುತ್ತಿ ತೋರಿಸಿದ್ರು, ಹಳೇ ಸೀರೆಯ ತುಂಡು, ನಡುವಲ್ಲಿ ಗುಂಡಿ ಬರುವ ಹಾಗೆ. ಬುಟ್ಟಿಯ ಇಡೀ ಭಾರ ಮೊದಲು ಇಳಿಯುವ ಜಾಗ ಅದೇ. ಅದನ್ನು ಸೇರಿಸಿದ ಮೇಲೆ ಬುಟ್ಟಿ ತಲೆಯಿಂದ ಎರಡು ಬೆರಳು ಮೇಲೆ ಹೋಯ್ತು, ಹಣೆ ಕಾಣ್ತು, ಮುಖಕ್ಕೆ ನೆರಳು ಬೀಳುವ ಜಾಗವೂ ಸರಿಯಾಯ್ತು.

ಯಕ್ಷಗಾನ ಮೇಳಗಳ ತಿರುಗಾಟ ಶುರು ಆದ ಮೇಲೆ ಡಿಸೆಂಬರಲ್ಲಿ ಮೂರು ಆಟಕ್ಕೆ ಹೋಗಿ ಚೌಕಿಯಲ್ಲಿ, ಅಂದ್ರೆ ಅವ್ರು ವೇಷ ಹಾಕುವ ಜಾಗದಲ್ಲಿ ಕೂತೆ. ಕಲಾವಿದರು ನೆಲದಲ್ಲಿ ಚಕ್ಕಳಮಕ್ಕಳ ಕೂತು ಕೈಗನ್ನಡಿ ಹಿಡಿದು ಅವರ ಮುಖ ಅವರೇ ಬರ್ಕೊಳ್ತಾರೆ, ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಅಕ್ಕಿ ಹಿಟ್ಟು ಸುಣ್ಣ ಕಲಸಿ ಮುಖದಲ್ಲಿ ಚುಟ್ಟಿ ಅನ್ನುವ ಬಿಳಿ ಉಬ್ಬು ಚುಕ್ಕೆ ಇಡುವಾಗ ಅಲ್ಲಾಡುದೇ ಇಲ್ಲ, ಆರಾಮಾಗಿ ಅರ್ಧ ಗಂಟೆಯ ಸ್ಕೆಚ್ ಆಗ್ತದೆ. ಆದ್ರೆ ನಾನು ಕಾದದ್ದು ವೇಷ ಕಟ್ಟಿ ಕಿರೀಟ ಇಟ್ಟ ಮೇಲೆ ರಂಗಸ್ಥಳಕ್ಕೆ ಹೋಗುವ ಮೊದಲಿನ ಐದು ನಿಮಿಷಕ್ಕೆ. ಆಗ ಅವ್ರು ಪಾತ್ರವೂ ಅಲ್ಲ, ಬರೀ ಮನುಷ್ಯರೂ ಅಲ್ಲ, ಕುತ್ತಿಗೆ ನೆಟ್ಟಗೆ ಇಟ್ಟು ಭಾರ ಸೊಂಟಕ್ಕೆ ಬಿಟ್ಟು ಕಾಲು ಅಗಲಿಸಿ ನಿಂತಿರ್ತಾರೆ. ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ಕುಣಿಯುವವರು ಎರಡು ಮೂರು ಗೆರೆಯಲ್ಲೇ ನೆಲ ತುಳಿದು ನಿಲ್ತಾರೆ, ಅವ್ರೂ ಸಣ್ಣದಿರುವಾಗ ನಮ್ಮ ಇದೇ ಯಕ್ಷಗಾನ ನೋಡಿ ಬೆಳೆದವರು. ಒಂದು ಗೆರೆಗೆ ಅಷ್ಟು ತೂಕ ಬರ್ಬೇಕಾದ್ರೆ ಅದರ ಹಿಂದೆ ಎಷ್ಟು ಸಾವಿರ ಗೆರೆ ಇರ್ಬೇಕು ಅಂತ ಈಗ ಸ್ವಲ್ಪ ಅಂದಾಜು ಆಗ್ತದೆ.

ಇನ್ನೊಂದು ಆದಿತ್ಯವಾರ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆ. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರಿಂದ 1901ರ ಒಳಗೆ ಬಿಡಿಸಿದ್ದು, ಗೋಡೆ ಚಾವಣಿ ಎಲ್ಲ ತುಂಬ ಮನುಷ್ಯರು. ಕಾಲೇಜಲ್ಲಿರುವಾಗ ಸುಮ್ಮನೆ ಚಂದ ಅಂತ ನೋಡಿ ಬಂದಿದ್ದೆ. ಈ ಸಲ ನಿಲುವಂಗಿಗಳನ್ನೇ ನೋಡಿದೆ, ಬಟ್ಟೆ ಭುಜದಿಂದ ಇಳಿದು ಮೊಣಕಾಲಲ್ಲಿ ತಾಗಿ ಮತ್ತೆ ಬೀಳುವ ರೀತಿ. ಮಡಿಕೆಯನ್ನು ನೋಡಿಯೇ ಒಳಗಿನ ಕಾಲು ಬಗ್ಗಿದೆಯಾ ಇಲ್ವಾ ಅಂತ ಗೊತ್ತಾಗ್ತದೆ. ಮನೆಗೆ ಬಂದು ಅಕ್ಕನ ಸೀರೆಯ ನೆರಿಗೆ ಹೊಸದಾಗಿ ಬಿಡಿಸಿದೆ.

ಮೊನ್ನೆ ಒಂದು ಟೆಸ್ಟ್ ಮಾಡಿದೆ. ಬೇರೆ ಬೇರೆ ಪುಟದಿಂದ ಹನ್ನೆರಡು ಪೋಸ್ ಆರಿಸಿ, ಮುಖ ಬಟ್ಟೆ ಎಂತದೂ ಕಾಣದ ಹಾಗೆ ಪೂರ್ತಿ ಕಪ್ಪು ತುಂಬಿಸಿ, ತಲೆ ಮೇಲಿನ ಬುಟ್ಟಿಯನ್ನೂ ತೆಗೆದು, ನನ್ನ ಸ್ವಂತ ಅಕ್ಕನ ಮಗಳಿಗೆ ತೋರಿಸಿದೆ. ಅವಳಿಗೆ ಒಂಬತ್ತು ವರ್ಷ. ಹನ್ನೆರಡರಲ್ಲಿ ಐದು ನಮ್ಮ ಕ್ಯಾರೆಕ್ಟರ್, ಉಳಿದದ್ದು ಬಸ್ಸಿನವರು. ಮಾಮ ಇದು ಮೀನಿನ ಅಕ್ಕ, ಇದೂ ಅವ್ರೇ, ಇದೂ, ಅಂತ ನಾಲ್ಕು ಹೇಳಿದ್ಲು. ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ, ಅವ್ರು ಹಾಗೇ ಅಲ್ವಾ ನಿಲ್ಲುದು ಅಂದ್ಲು. ತಪ್ಪಿದ ಐದನೆಯದ್ದು ಕೂತ ಪೋಸ್, ಮೀನು ಕತ್ತರಿಸುವಾಗಿನದ್ದು, ಅದ್ರಲ್ಲಿ ಭಾರ ಹಿಮ್ಮಡಿಯಲ್ಲಿ ಉಂಟಾ ಮುಂಗಾಲಲ್ಲಿ ಉಂಟಾ ಅಂತ ನಂಗೇ ಇನ್ನೂ ಸರಿ ಸಿಕ್ಕಿಲ್ಲ. ಕೈ ಬೆರಳುಗಳೂ ಇನ್ನೂ ಗಟ್ಟಿ, ಮೀನು ಹಿಡಿದ ಹಾಗೆ ಕಾಣುದಿಲ್ಲ, ಮರದ ತುಂಡು ಹಿಡಿದ ಹಾಗೆ ಕಾಣ್ತದೆ. ಫೆಬ್ರವರಿ ಪೂರ್ತಿ ಕೈಗೆ ಮತ್ತು ಕುಕ್ಕರುಗಾಲಿಗೆ ಇಟ್ಟಿದ್ದೇನೆ.

ನಾಳೆ ಒಂದನೇ ತಾರೀಕು, ಒಂಬತ್ತನೇ ಸಲದ ಪುಟ. ಈ ಸಲ ನಡೆಯುವುದು ಅಲ್ಲ, ಇಳಿಸುವುದು. ತುಂಬಿದ ಬುಟ್ಟಿಯನ್ನು ಅಕ್ಕ ಒಬ್ರೇ ಇಳಿಸುದಿಲ್ಲ, ದಿನಾ ಅಮ್ಮ ಗೇಟ್ ಹತ್ರ ಹೋಗಿ ಒಂದು ಬದಿ ಹಿಡಿತಾರೆ, ಇಬ್ರೂ ಒಟ್ಟಿಗೆ ಮೊಣಕಾಲು ಬಗ್ಗಿಸ್ತಾರೆ, ಒಂದು ಕ್ಷಣ ಭಾರ ಇಬ್ಬರ ನಡುವಲ್ಲಿ ಇರ್ತದೆ. ಹಾಗಾಗಿ ಮೊದಲ ಸಲ ಪುಟದಲ್ಲಿ ಎರಡು ಜನ ಬರ್ಬೇಕು. ಅಮ್ಮನಿಗೆ ಹೇಳಿದ್ದೇನೆ, ಬೆಳಿಗ್ಗೆ ಸ್ವಲ್ಪ ನಿಧಾನ ಇಳಿಸಿ ಅಂತ.