ಫ್ಲ್ಯಾಟಿಗೊಂದು ಜಗಲಿ

ಮಲೆನಾಡಿನ ಮನೆ ಬಿಟ್ಟು ಫ್ಲ್ಯಾಟಿಗೆ ಬಂದವರು ಅಂಗಳ ಇಲ್ಲ, ಹಿತ್ತಲಿಲ್ಲ ಅಂತ ಕೊರಗುತ್ತಾರೆ. ನನಗೆ ಇಲ್ಲವೆನ್ನಿಸಿದ್ದು ಜಗಲಿ. ಊರಲ್ಲಿ ಜಗಲಿ ಮೇಲೆ ಕೂರೋಕೆ ಯಾರೂ ಯಾರನ್ನೂ ಕೇಳುವುದಿಲ್ಲ. ಮದುವೆ ಕಾಗದ ಕೊಡಲು ಬಂದವರು, ಮೆಣಸಿನ ರೇಟು ವಿಚಾರಿಸಲು ಬಂದವರು, ಮಳೆ ಜೋರಾಯಿತು ಅಂತ ದಾರಿಯಿಂದ ಓಡಿ ಬಂದವರು, ಎಲ್ಲರೂ ಬಂದು ಕೂರುತ್ತಾರೆ. ಒಳಗೆ ಬನ್ನಿ ಅನ್ನುವ ಮೊದಲೇ ಅವರು ಮನೆಗೆ ಬಂದಾಗಿರುತ್ತದೆ.

ಚಿಕ್ಕಮಗಳೂರಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆ ಎರಡನೇ ಮಹಡಿಯಲ್ಲಿದೆ. ಮನೆ ಚೆನ್ನಾಗಿಯೇ ಇದೆ. ಮೋಡ ಸರಿದ ದಿನ ಬಾಲ್ಕನಿಯಿಂದ ಬಾಬಾಬುಡನ್‌ಗಿರಿಯ ಸಾಲು ಉದ್ದಕ್ಕೆ ಕಾಣುತ್ತದೆ. ಆದರೆ ಬಾಗಿಲು ತೆಗೆದರೆ ನೇರ ಹಾಲು. ಹಾಲಿನಲ್ಲಿ ಕಿಟಕಿಗೆ ಬೆನ್ನು ಹಾಕಿದ ಸೋಫಾ, ಎದುರಿಗೆ ಟಿವಿ, ನೆತ್ತಿಯ ಮೇಲೆ ಟ್ಯೂಬ್‌ಲೈಟು. ಯುಗಾದಿಗೆ ಅವ್ವ ಬಂದಿದ್ದಾಗ ಆ ಸೋಫಾದ ತುದಿಯಲ್ಲಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದು ಹೋಗಿ ಅಡುಗೆಮನೆ ಬಾಗಿಲ ಹತ್ತಿರ ನೆಲದ ಮೇಲೆ ಕೂತರು. ಹಬ್ಬದ ಮರುದಿನವೇ ಬ್ಯಾಗಿಗೆ ಸೀರೆ ತುಂಬಿದರು.

"ಇನ್ನೆರಡು ದಿನ ಇರಿ ಅವ್ವ" ಅಂದೆ.

"ಇರೋಕೇನು ಮಾರಾಯ್ತಿ, ಕೂತ ಹಾಗೇ ಅನ್ನಿಸಲ್ಲ ಇಲ್ಲಿ."

ಆ ಮಾತು ನನ್ನನ್ನು ಬಿಡಲಿಲ್ಲ. ಊರಿನ ಮನೆಯಲ್ಲಿ ಅವರೀಗ ಒಬ್ಬರೇ. ಮೂಡಿಗೆರೆ ಕಡೆಯ ಮಳೆ ಗೊತ್ತಲ್ಲ, ಒಂದು ಮರ ಲೈನಿನ ಮೇಲೆ ಬಿತ್ತು ಅಂದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಆರಿದ್ರೆ ಮಳೆ ಹಿಡಿಯುವ ಮೊದಲು ಅವರನ್ನು ಇಲ್ಲಿಗೇ ಕರೆತರುವುದು ಅಂತ ಅಣ್ಣ, ನಾನು ಮಾತಾಡಿಕೊಂಡೆವು. ಈ ಸಲ ಅವರು ಉಳಿಯಬೇಕು. ಉಳಿಯಬೇಕು ಅಂದರೆ ಮೊದಲು ಕೂರಬೇಕು.

ಹಾಗಾಗಿ ಅವರು ಬರುವ ಹಿಂದಿನ ಭಾನುವಾರವನ್ನು ಮನೆ ಜೋಡಿಸಲಿಕ್ಕೆ ಅಂತಲೇ ಇಟ್ಟುಕೊಂಡೆವು. ಅದಕ್ಕೂ ಮೊದಲು ಒಂದು ಸಂಜೆ ಟೇಪು ಹಿಡಿದು ಸೋಫಾ ಅಳೆದಿದ್ದೆ. ಕೂರುವ ಜಾಗದ ಆಳ 22 ಇಂಚು. ಅವ್ವನ ಎತ್ತರ ಐದಡಿ. ಬೆನ್ನು ಒರಗಿಸಿದರೆ ಅವರ ಕಾಲು ನೆಲಕ್ಕೆ ಎಟುಕುವುದಿಲ್ಲ. ಕಾಲು ಊರಬೇಕಾದರೆ ತುದಿಗೆ ಬರಬೇಕು. ತುದಿಯಲ್ಲಿ ಕೂತವರು ಯಾವಾಗಲೂ ಹೊರಡುವ ಆತುರದಲ್ಲಿ ಇದ್ದಂತೆಯೇ ಇರುತ್ತಾರೆ, ಅಲ್ವಾ? ಮೆತ್ತಗೆ ಒಳಗೆ ಹೋಗುವ ಸೀಟಿನಿಂದ ಮಂಡಿನೋವಿನವರು ಏಳುವುದೂ ಕಷ್ಟ. ಏಳಲು ಇನ್ನೊಬ್ಬರ ಕೈ ಬೇಕಾಗುವ ಕಡೆ ನಮ್ಮ ಹಿರಿಯರು ಕೂರೋದೇ ಇಲ್ಲ. ಅವರಿಗೆ ಅದು ಮರ್ಯಾದೆಯ ಪ್ರಶ್ನೆ.

ನಮಗೆ ಗೊತ್ತಿರುವ ಆಚಾರ್ರಿಗೆ ಒಂದು ಬೆಂಚು ಹೇಳಿದೆ. ಸಿಲ್ವರ್ ಮರದ ಹಲಗೆ ಸಾಕು ಅಂದೆ. ಕಾಫಿ ತೋಟದಲ್ಲಿ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ಅಂತ ಬೆಳೆಸುವ ಅದೇ ಸಿಲ್ವರ್ ಓಕ್. ತೇಗದಷ್ಟು ಬೆಲೆ ಇಲ್ಲ, ಪಾಲಿಶ್ ಹಾಕಿದರೆ ಎಳೆಗಳು ಚಂದ ಕಾಣುತ್ತವೆ. ಎತ್ತರ ಎಷ್ಟು ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಕೂರುವವರ ಮಂಡಿಯ ಹಿಂಭಾಗದಿಂದ ನೆಲಕ್ಕೆ ಎಷ್ಟಿದೆಯೋ ಸೀಟು ಅಷ್ಟು ಎತ್ತರ ಇದ್ದರೆ ಪಾದ ಪೂರ್ತಿ ಊರುತ್ತದೆ. ಮಂಡಿನೋವು ಇದ್ದರೆ ಅದರ ಮೇಲೆ ಒಂದೆರಡು ಇಂಚು ಜಾಸ್ತಿ ಇರಬೇಕು, ಏಳೋದು ಸುಲಭ. ಅಣ್ಣನಿಗೆ ಫೋನ್ ಮಾಡಿ ಅವ್ವನ ಕಾಲು ಅಳತೆ ಮಾಡಿಸಿದ್ದೆ, 15 ಇಂಚು. ಬೆಂಚು 17 ಇಂಚು ಎತ್ತರ, 16 ಇಂಚು ಆಳ ಇರಲಿ, ಒಂದು ತುದಿಗೆ ಕೈ ಊರಿ ಏಳಲು ಗಟ್ಟಿ ಹಿಡಿ ಇರಲಿ ಅಂದೆ. "ಅಳತೆ ಕೊಟ್ಟು ಮಾಡಿಸೋರು ಕಮ್ಮಿ ಮೇಡಂ, ಎಲ್ಲ ಫೋಟೋ ತೋರಿಸ್ತಾರೆ" ಅಂದರು ಆಚಾರ್ರು.

ಭಾನುವಾರ ಬೆಳಿಗ್ಗೆ ಆಟೋದಲ್ಲಿ ಬೆಂಚು ಬಂತು. ನಮ್ಮವರೂ ಕೆಳಗಿನ ಮನೆಯ ಹುಡುಗನೂ ಸೇರಿ ಮೇಲೆ ತಂದರು. ಬಾಲ್ಕನಿ ಪಕ್ಕದ ದೊಡ್ಡ ಕಿಟಕಿಯ ಕೆಳಗೆ ಅದರ ಜಾಗ. ಆ ಕಿಟಕಿ ಉತ್ತರಕ್ಕಿದೆ. ನಮ್ಮ ಕಡೆ ಮುಂಗಾರು ಬೀಸುವುದು ನೈಋತ್ಯದಿಂದ, ಎರಚಲು ಹೊಡೆಯುವುದು ಪಶ್ಚಿಮದ ಕಿಟಕಿಗಳಿಗೆ. ಹೀಗಾಗಿ ಜಡಿಮಳೆಯಲ್ಲೂ ಇದನ್ನು ತೆರೆದಿಡಬಹುದು. ಮಳೆ ನೋಡುತ್ತಾ ಒಣಗಿದ ಜಾಗದಲ್ಲಿ ಕೂರುವ ಸುಖ ಬೇಕಿದ್ದರೆ ದಿಕ್ಕು ನೋಡಿಯೇ ಕೂರುವ ಜಾಗ ಹುಡುಕಬೇಕು. ಬೆಂಚಿನ ಪಕ್ಕ ಒಂದು ಕಾಫಿ ಬೊಡ್ಡೆ ಇಟ್ಟೆ. ಹಳೇ ಗಿಡ ಕಿತ್ತಾಗ ಅಣ್ಣ ಎತ್ತಿಟ್ಟಿದ್ದದ್ದು, ತಲೆ ಸಮ ಮಾಡಿಸಿ ಮೇಲೆ ದುಂಡನೆಯ ಹಲಗೆ ಹೊಡೆಸಿದ್ದೆ. ಅವ್ವನ ಎಲೆಯಡಿಕೆ ತಟ್ಟೆಗೂ ಕನ್ನಡಕಕ್ಕೂ ಕಾಫಿ ಲೋಟಕ್ಕೂ ಸರಿಯಾಗಿ ಕೈಗೆಟುಕುವ ಎತ್ತರ.

ಸೋಫಾವನ್ನು ತಿರುಗಿಸಿ ಬೆಂಚಿಗೆ ಮುಖಾಮುಖಿ ಹಾಕಿದೆವು. ಟಿವಿ ಓರೆಯಾಯಿತು. ಮಗಳು ಸ್ವಲ್ಪ ಮುನಿಸಿಕೊಂಡಳು. ಆದರೆ ಎರಡು ಆಸನಗಳು ಒಂದನ್ನೊಂದು ನೋಡಿದರೆ ಜನ ಮಾತಾಡುತ್ತಾರೆ, ಎರಡೂ ಟಿವಿ ನೋಡಿದರೆ ಸುಮ್ನೆ ಇರುತ್ತಾರೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಗಮನಿಸಿದ್ದೇನೆ. ಸೋಫಾ, ಬೀರು ಎಲ್ಲವನ್ನೂ ಗೋಡೆಯಿಂದ ನಾಲ್ಕು ಬೆರಳು ಆಚೆಗೆ ಎಳೆದೆವು. ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುತ್ತದೆ. ನಡುವೆ ಗಾಳಿ ಆಡದಿದ್ದರೆ ಆಗಸ್ಟ್ ಹೊತ್ತಿಗೆ ಬೀರುವಿನ ಬೆನ್ನಿಗೆ ಬೂಷ್ಟು ಬಂದು, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಎಷ್ಟು ಚಂದದ ಮನೆಯಾದರೂ ಮುಗ್ಗಲು ವಾಸನೆ ಬಂದರೆ ಬಂದವರು ಬೇಗ ಹೊರಡುತ್ತಾರೆ.

ಇದೇ ಕಾರಣಕ್ಕೆ ದಪ್ಪ ವೆಲ್ವೆಟ್ ಪರದೆ ತೆಗೆದು ತೆಳ್ಳಗಿನ ಹತ್ತಿ ಬಟ್ಟೆಯದು ಹಾಕಿದೆ. ಒಗೆದರೆ ಫ್ಯಾನ್ ಕೆಳಗೇ ಒಣಗುತ್ತದೆ. ಮೋಡದ ದಿನದ ಅಷ್ಟಿಷ್ಟು ಬೆಳಕನ್ನೂ ಒಳಗೆ ಬಿಡುತ್ತದೆ. ನೆಲಕ್ಕೂ ಕಾರ್ಪೆಟ್ ಬೇಡ ಅಂದುಕೊಂಡು ಚಾಪೆ ತಂದೆ.

ಮಧ್ಯಾಹ್ನ ಊಟ ಮುಗಿಸಿ ಮಾರ್ಕೆಟ್ ರಸ್ತೆಗೆ ಹೋಗಿ ಬಲ್ಬು ತಂದೆವು. ದೀಪದ ವಿಷಯದಲ್ಲಿ ನನಗೆ ಸ್ವಲ್ಪ ಹಟವೇ ಇದೆ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ವಾಟ್ ಜೊತೆಗೆ ಇನ್ನೊಂದು ಅಂಕಿ ಇರುತ್ತದೆ, ಕೆಲ್ವಿನ್ ಲೆಕ್ಕದ್ದು. 6500 ಅಂತ ಇದ್ದರೆ ನೀಲಿ ಬೆರೆತ ಬಿಳಿ, ಅಂಗಡಿಗಳಲ್ಲಿ ಹಾಕುವಂಥದ್ದು. 2700 ಅಂತ ಇದ್ದರೆ ನಾವು ಚಿಕ್ಕಂದಿನಲ್ಲಿ ನೋಡಿದ 60 ವಾಟ್ ಬುರುಡೆ ಬಲ್ಬಿನ ಹಳದಿ. ಅಂಕಿ ಇಳಿದಷ್ಟೂ ಬೆಳಕು ಬೆಚ್ಚಗಾಗುತ್ತದೆ. ಎರಡೂ 9 ವಾಟೇ ಆಗಿದ್ದರೆ ಕರೆಂಟ್ ಬಿಲ್ಲಿನಲ್ಲಿ ವ್ಯತ್ಯಾಸವಿಲ್ಲ. ಮಳೆಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು ಕವಿಯುವ ನಮ್ಮಂಥ ಊರಿಗೆ ಈ ಹಳದಿ ಬೆಳಕೇ ಬೇಕು. ಮುಖಗಳಿಗೆ ಜೀವ ಬರುತ್ತದೆ. ಬಲ್ಬನ್ನು ನೆತ್ತಿಯ ಮೇಲೆ ಹಾಕದೆ, ಕೂತವರ ಭುಜದ ಎತ್ತರಕ್ಕೆ ಬರುವಂತೆ ನಿಲುವುದೀಪದಲ್ಲಿ ಹಾಕಿ ಬೆಂಚಿನ ಬದಿಗೆ ಇಟ್ಟೆ. ಟ್ಯೂಬ್‌ಲೈಟನ್ನು ತೆಗೆಯಲಿಲ್ಲ. ಅಕ್ಕಿ ಆರಿಸಲು, ಮಗಳು ಓದಲು ಅದೇ ಬೇಕು.

ಗೋಡೆಗೆ ಮೊಳೆ ಹೊಡೆಯಬಾರದು ಅಂತ ಮನೆ ಓನರ್ ಹೇಳಿದ್ದಾರೆ. ಅಂಟಿಸುವ ಹುಕ್ಕು ಮಳೆಗಾಲದಲ್ಲಿ ಬಣ್ಣದ ಸಮೇತ ಕಿತ್ತು ಬರುತ್ತದೆ. ಫೋಟೋಗಳನ್ನು ಶೆಲ್ಫಿನ ಮೇಲೆ ಒರಗಿಸಿಟ್ಟೆ. ಅಷ್ಟು ಸಾಕು. ಬಾಲ್ಕನಿಗೆ ಅಣ್ಣನ ತೋಟದಿಂದ ಬಂದ ಆಂಥೂರಿಯಂ ಕುಂಡಗಳು. ಅದಕ್ಕೆ ನೇರ ಬಿಸಿಲು ಆಗುವುದಿಲ್ಲ. ನೆರಳು, ತೇವದ ಗಾಳಿ, ಬೇರಿನಲ್ಲಿ ನೀರು ನಿಲ್ಲದ ಸಡಿಲ ಮಣ್ಣು ಇದ್ದರೆ ಆರಾಮಾಗಿ ಬರುತ್ತದೆ. ನಮ್ಮ ಉತ್ತರದ ಬಾಲ್ಕನಿ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಕೊನೆಯದಾಗಿ ಉಳಿದದ್ದು ಬಾಗಿಲು. ಇದರ ಬಗ್ಗೆ ನಾನು ತುಂಬ ಯೋಚಿಸಿದ್ದೆ. ಮಳೆಯಲ್ಲಿ ಬಂದವರು ಬಾಗಿಲಲ್ಲಿ ನಿಂತು ಏನು ಮಾಡುತ್ತಾರೆ ನೋಡಿ. ಒಂದು ಕೈಯಲ್ಲಿ ನೀರು ಸೋರುವ ಕೊಡೆ, ಇನ್ನೊಂದರಲ್ಲಿ ಹಣ್ಣಿನ ಕವರು. ಕೊಡೆ ಎಲ್ಲಿಡಬೇಕೋ ಗೊತ್ತಿಲ್ಲ. ಒಳಗೆ ತಂದರೆ ನೆಲ ಒದ್ದೆ, ಹೊರಗೆ ಬಿಟ್ಟರೆ ಓಡಾಡುವವರಿಗೆ ಅಡ್ಡ. ಬಂದ ಮೊದಲ ನಿಮಿಷವೇ ಮುಜುಗರ. ನಾವು ಚಪ್ಪಲಿ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿ, ಉದ್ದನೆಯ ಒಂದು ತಗಡಿನ ಡಬ್ಬವನ್ನು ಕೊಡೆಗೆ ಅಂತ ಇಟ್ಟೆವು. ರೇನ್‌ಕೋಟಿಗೆ ಗ್ರಿಲ್ಲಿನಲ್ಲಿ ಕೊಕ್ಕೆ, ಕಾಲಿಗೆ ದಪ್ಪ ಒರೆಸು, ಬಾಗಿಲ ಒಳಗೆ ಕೈಗೆ ಸಿಗುವಂತೆ ಒಣ ಟವೆಲ್ಲು. ಆ ದಿನ ಮಾಡಿದ್ದರಲ್ಲಿ ಎಲ್ಲಕ್ಕಿಂತ ಕಮ್ಮಿ ಖರ್ಚಿನದು ಇದೇ. ನನ್ನ ಪ್ರಕಾರ ಮನೆಯ ಅಲಂಕಾರ ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಅವ್ವ ಬುಧವಾರ ಬಂದರು. ಕೊಡೆಯನ್ನು ಡಬ್ಬಕ್ಕೆ ಇಳಿಬಿಟ್ಟು, ಟವೆಲ್ಲಿನಲ್ಲಿ ಕೈ ಒರೆಸಿಕೊಂಡು, ಯಾರನ್ನೂ ಕೇಳದೆ ಬೆಂಚಿನ ಮೇಲೆ ಕೂತರು. ಹಿಡಿಯ ಮೇಲೆ ಕೈ ಆಡಿಸಿ "ಸಿಲ್ವರ್ರಾ?" ಅಂದರು. ಹೌದು ಅಂದೆ. "ಮರ ಪೂರ್ತಿ ಒಣಗಿಸಿದ್ರಾ ಕೇಳಿದ್ಯಾ?" ಕೇಳಿದ್ದೆ. ಆಮೇಲೆ ಎಲೆಯಡಿಕೆ ತಟ್ಟೆ ಬೊಡ್ಡೆಯ ಮೇಲೆ ಬಂತು, ನಮ್ಮ ಬೀದಿಯಲ್ಲಿ ಯಾರ ಮನೆ ಯಾವುದು ಎಂಬ ವಿಚಾರಣೆ ಶುರುವಾಯಿತು.

ಈಗ ಸಂಜೆ ಎದುರು ಮನೆಯ ರಿಟೈರ್ಡ್ ಟೀಚರ್ ಬರುತ್ತಾರೆ. ಇಬ್ಬರೂ ಬೆಂಚಿನ ಮೇಲೆ ಕೂತು ಅವರೆಕಾಯಿಯೋ ಬೀನ್ಸೋ ಬಿಡಿಸುತ್ತಾರೆ. ಮೊನ್ನೆ ಟೀಚರ್ ತಮ್ಮ ಮನೆಗೂ ಇಂಥದ್ದೇ ಒಂದು ಬೆಂಚು ಬೇಕು ಅಂದರು. ಆಚಾರ್ರ ನಂಬರ್ ಕೊಡಲು ನಾನು ಫೋನ್ ತೆಗೆಯುವಷ್ಟರಲ್ಲಿ ಅವ್ವ ತಡೆದರು. "ಇದೇ ಅಳತೆ ಕೊಡಬೇಡಿ ಟೀಚರ್ರೇ, ನಿಮ್ಮ ಯಜಮಾನರು ಆರಡಿ ಇದ್ದಾರೆ. ಮೊದಲು ಅವರ ಕಾಲು ಅಳೀರಿ" ಅಂದರು. ಟೀಚರ್ ಟೇಪು ತೆಗೆದುಕೊಂಡು ಹೋದರು. 19 ಇಂಚಿನ ಬೆಂಚು ಈಗ ಆಚಾರ್ರ ಕೊಟ್ಟಿಗೆಯಲ್ಲಿ ಪಾಲಿಶ್‌ಗೆ ಕಾಯುತ್ತಿದೆ, ಎರಡು ದಿನ ಮಳೆ ಬಿಟ್ಟರೆ ಕೊಡುತ್ತೇನೆ ಅಂದಿದ್ದಾರೆ.